ಹಳೇ ಆಯಿಲ್ ಎಲ್ಲಿ ಚೆಲ್ಲಿದೆ?

ಆಲ್ಕೊಳದ ನಮ್ಮ ಮನೆಯ ಪಕ್ಕದ ಓಣಿಯಲ್ಲಿ, ನೀರಿನ ಟ್ಯಾಂಕಿನ ಕೆಳಗೆ, ಅಣ್ಣನ ಬೈಕು ಹತ್ತೊಂಬತ್ತು ವರ್ಷ ನಿಂತಿತ್ತು. ಟಯರುಗಳು ನೆಲಕ್ಕೆ ಅಂಟಿಕೊಂಡಿದ್ದವು. ಸೀಟನ್ನು ಇಲಿ ತಿಂದು ಮುಗಿಸಿತ್ತು. ಹೆಡ್‌ಲೈಟಿನ ಗಾಜು ಮಾತ್ರ ಫಳಫಳ ಹೊಳೆಯುತ್ತಿತ್ತು, ಏಕೆಂದರೆ ಅಮ್ಮ ಪ್ರತಿ ಶುಕ್ರವಾರ ಅದನ್ನು ಒರೆಸಿ ಕುಂಕುಮ ಇಡುತ್ತಿದ್ದಳು. ಸತ್ತ ಮಗನ ಫೋಟೋಗೆ ಹಾರ ಹಾಕಲು ಒಪ್ಪದವಳು ಅವನನ್ನು ಬೀಳಿಸಿದ ಗಾಡಿಗೆ ಕುಂಕುಮ ಇಡುವುದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಗುಜರಿಗೆ ಹಾಕುವ ಮಾತನ್ನು ಎರಡು ಸಲ ಎತ್ತಿದೆ. ಎರಡು ಸಲವೂ ಅಮ್ಮ ಊಟ ಬಿಟ್ಟಳು. ಮೂರನೇ ಸಲ ನಾನು ಬಾಯಿ ತೆರೆಯಲಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ನನಗೆ ಸಿಟ್ಟು ಬೇಗ ಬರುತ್ತದೆ, ನನ್ನ ವಿದ್ಯಾರ್ಥಿಗಳನ್ನು ಕೇಳಿದರೆ ಅವರೂ ಹೇಳುತ್ತಾರೆ. ಆದರೆ ಆ ಬೈಕಿನ ಮೇಲಿದ್ದದ್ದು ಸಿಟ್ಟಲ್ಲ. ಅದನ್ನು ಯಾರಾದರೂ ಬಿಚ್ಚಿದರೆ ಒಳಗೆ ಏನು ಕಾಣುತ್ತದೋ ಎಂಬ ಹೆದರಿಕೆ.

ಅಣ್ಣ ಭದ್ರಾವತಿಯ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದ. ದಿನಾ ಬೈಕಿನಲ್ಲಿ ಹೋಗಿ ಬರುತ್ತಿದ್ದ. ಗಾಡಿ ಅವನದು, ಅದರ ಚಾಕರಿ ನನ್ನದು. ಅವನಿಗೆ ಸ್ಪ್ಯಾನರ್ ಹಿಡಿಯಲೂ ಬರುತ್ತಿರಲಿಲ್ಲ, ನನಗೋ ಎಂಜಿನ್ ಎಂದರೆ ಹುಚ್ಚು. ಒಂದು ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕೂತು ಅದರ ಆಯಿಲ್ ಬದಲಿಸಿದೆ. ಎಂಜಿನ್ನಿನ ಅಡಿಯ ಬೋಲ್ಟ್ ಬಿಚ್ಚಿ, ಹಳೆಯ ಆಯಿಲನ್ನು ಪೇಂಟ್ ಡಬ್ಬಿಯೊಂದಕ್ಕೆ ಇಳಿಸಿ, ಕಾಂಪೌಂಡಿನ ಮೂಲೆಯ ನುಗ್ಗೆಮರದ ಬುಡಕ್ಕೆ ಚೆಲ್ಲಿದೆ. ಬೋಲ್ಟ್ ಹಾಕಿ, ಮೇಲಿನ ಮುಚ್ಚಳ ತೆಗೆದು ಹೊಸ ಆಯಿಲ್ ಸುರಿದೆ. ಅಷ್ಟೇ. ಅರ್ಧ ಗಂಟೆಯ ಕೆಲಸ.

ಮರುದಿನ ಬೆಳಿಗ್ಗೆ ಭದ್ರಾವತಿ ರಸ್ತೆಯಲ್ಲಿ, ಯಾರೂ ಅಡ್ಡ ಬಾರದೆ, ಒಂದು ಗುಂಡಿಯೂ ಇಲ್ಲದ ಜಾಗದಲ್ಲಿ, ಓಡುತ್ತಿದ್ದ ಬೈಕಿನ ಹಿಂದಿನ ಚಕ್ರ ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ಡಾಂಬರಿನ ಮೇಲೆ ಟಯರು ಎಳೆದ ಕಪ್ಪು ಗೆರೆಯನ್ನು ನಾನೇ ನೋಡಿದ್ದೇನೆ. ಸ್ಕೇಲು ಇಟ್ಟು ಎಳೆದಷ್ಟು ನೆಟ್ಟಗಿತ್ತು. ಹಿಂದೆ ಬರುತ್ತಿದ್ದ ಲಾರಿಯವನಿಗೆ ಬ್ರೇಕ್ ಒತ್ತಲು ಸಮಯವೇ ಇರಲಿಲ್ಲ. ಅಲ್ಲಿ ಸೇರಿದ್ದವರಲ್ಲಿ ಯಾರೋ ಬೈಕನ್ನು ದೂಡಲು ನೋಡಿ, ಚಕ್ರ ಉರುಳದಿರುವುದನ್ನು ಕಂಡು ಹೇಳಿದರು: "ಎಂಜಿನ್ ಜಾಮ್ ಆಗಿದೆ ಕಣ್ರೀ. ಆಯಿಲ್ ಇಲ್ದೇ ಓಡ್ಸಿದ್ರೆ ಹಿಂಗೇ ಆಗೋದು."

ಆ ಮಾತು ನನ್ನೊಳಗೆ ಹೊಕ್ಕಿತು. ಅಡಿಯ ಬೋಲ್ಟನ್ನು ಬಿಗಿ ಮಾಡಿದ್ದೆನೇ? ಹಾಕಿದ್ದು ನೆನಪಿದೆ, ಬೆರಳಿನಿಂದ ತಿರುಗಿಸಿದ್ದು ನೆನಪಿದೆ. ಆಮೇಲೆ ಸ್ಪ್ಯಾನರ್ ಹಾಕಿ ಎಳೆದೆನೇ? ಅಷ್ಟರಲ್ಲಿ ಮನೆಗೆ ನೆಂಟರು ಬಂದರು, ಅಮ್ಮ ಕಾಫಿಗೆ ಕರೆದಳು. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ನಿಂತು ಯೋಚಿಸುತ್ತೇವಲ್ಲ, ನಾನು ಆ ಅರ್ಧ ದಾರಿಯಲ್ಲಿ ಹತ್ತೊಂಬತ್ತು ವರ್ಷ ನಿಂತಿದ್ದೆ.

ಹನ್ನೆರಡನೆಯ ದಿನ ಎಲ್ಲರೂ ಉಂಡು ಹೋದ ಮೇಲೆ ಅಮ್ಮ ನನ್ನ ಹತ್ತಿರ ಬಂದು ಕೂತಳು. ಅಳುತ್ತಿರಲಿಲ್ಲ. ಕೇಳಿದ್ದು ಒಂದೇ ಮಾತು.

"ಭಾನುವಾರ ಹಳೇ ಆಯಿಲ್ ಎಲ್ಲಿ ಚೆಲ್ಲಿದೆ?"

ನುಗ್ಗೆಮರದ ಬುಡದಲ್ಲಿ ಎಂದೆ. ಅಮ್ಮ ತಲೆ ಆಡಿಸಿ ಎದ್ದು ಹೋದಳು. ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಾ ಹಿತ್ತಿಲಿಗೆ ಹೋದರೆ, ಅಮ್ಮ ನುಗ್ಗೆಮರದ ಬುಡದಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಹುಳಿ ಬಡಿಸುವ ಸವಟಿನಿಂದ ಆ ಕಪ್ಪು ಮಣ್ಣನ್ನು ಕೆದಕುತ್ತಿದ್ದಳು. ಒಂದೊಂದು ಹೆಂಟೆಯನ್ನೂ ಬೆರಳಿನಿಂದ ಒಡೆದು ನೋಡುತ್ತಿದ್ದಳು. ನನ್ನನ್ನು ಕಂಡು ಸವಟನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಇವಳಿಗೂ ಗೊತ್ತಾಗಿದೆ, ನನ್ನ ಕೈಯಿಂದಲೇ ಆಯಿತು ಎಂದು ತಿಳಿದಿದ್ದಾಳೆ, ಬಾಯಿಬಿಟ್ಟು ಹೇಳುತ್ತಿಲ್ಲ ಎಂದುಕೊಂಡೆ. ಆ ಮರ ಎರಡು ವರ್ಷದಲ್ಲಿ ಒಣಗಿತು.

ಅಪ್ಪ ಸಂಸ್ಕೃತ ಮೇಷ್ಟ್ರಾಗಿದ್ದವರು, ನಿವೃತ್ತರಾದ ಮೇಲೆ ನಾಲ್ಕಾರು ಮನೆಗಳಲ್ಲಿ ಪೂಜೆ ಮಾಡಿಸುತ್ತಿದ್ದರು. ಅವರು ಬೈಕಿನ ಮಾತೇ ಎತ್ತದೆ ನಾಲ್ಕು ವರ್ಷಕ್ಕೆ ತೀರಿಕೊಂಡರು. ನಾನು ಗಾಡಿ ಕೊಳ್ಳಲಿಲ್ಲ. ಅಮ್ಮ ಬೇಡವೆಂದಳು ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಿಜವಾಗಿ ನನಗೇ ಧೈರ್ಯವಿರಲಿಲ್ಲ.

ಈ ವರ್ಷ ಮಗಳು ಹಟ ಹಿಡಿದು ಸ್ಕೂಟರ್ ತೆಗೆಸಿಕೊಂಡಳು. ಅವಳು ಹುಟ್ಟುವ ಮೊದಲೇ ಅಣ್ಣ ಹೋಗಿದ್ದ. ಅವಳಿಗೆ ಅವನೆಂದರೆ ಗೋಡೆಯ ಮೇಲಿನ ಒಂದು ಮೀಸೆ, ಓಣಿಯಲ್ಲಿನ ಒಂದು ಬೈಕು. ಅದರ ಮೇಲೆ ಅವಳ ಕಣ್ಣು ಬಿತ್ತು.

"ದೊಡ್ಡಪ್ಪನ ಗಾಡಿ ರೆಡಿ ಮಾಡ್ಸೋಣ ಅಪ್ಪ. ಹಳೇ ಬೈಕಿಗೆ ಈಗ ಎಷ್ಟು ಕ್ರೇಜ್ ಇದೆ ಗೊತ್ತಾ?"

ಅಮ್ಮ ಗಲಾಟೆ ಮಾಡುತ್ತಾಳೆ, ವಿಷಯ ಅಲ್ಲಿಗೇ ಮುಗಿಯುತ್ತದೆ ಎಂದು ನಾನು ಸುಮ್ಮನಿದ್ದೆ. ಅಮ್ಮ ತಟ್ಟೆಯಿಂದ ತಲೆ ಎತ್ತದೆ, "ಬಿಚ್ಚಿಸು. ಒಳಗೆ ಏನಿದೆ ಅಂತ ನೋಡು," ಎಂದಳು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮಗಳಿಗೆ ಖುಷಿಯೋ ಖುಷಿ. "ಅಜ್ಜಿಗೂ ಈಗ ಗಾಡಿ ಹುಚ್ಚು ಅಪ್ಪ. ಮೊನ್ನೆ ನನ್ನ ಸ್ಕೂಟರ್ ಹತ್ರ ಬಂದು, ಇದಕ್ಕೆ ಆಯಿಲ್ ಎಲ್ಲಿ ಹಾಕ್ತಾರೆ ಅಂತ ಕೇಳಿದ್ರು. ಇನ್ನು ರಿಪೇರಿ ಶೆಡ್ ಹಾಕೋದೊಂದು ಬಾಕಿ," ಎಂದು ನಕ್ಕಳು. ಅಮ್ಮನೂ ನಕ್ಕಳು. ನಾನು ನಗಲಿಲ್ಲ, ಆದರೆ ಅದರ ಬಗ್ಗೆ ಹೆಚ್ಚು ಯೋಚಿಸಲೂ ಇಲ್ಲ.

ಸವಳಂಗ ರಸ್ತೆಯ ಮೆಕ್ಯಾನಿಕ್ ನನ್ನ ವಯಸ್ಸಿನವರು. ಮಾತು ಜಾಸ್ತಿ, ಕೈ ಚೊಕ್ಕ. ಚಕ್ರ ಉರುಳದ ಬೈಕನ್ನು ಗೂಡ್ಸ್ ಆಟೋದಿಂದ ನಾಲ್ಕು ಜನ ಎತ್ತಿ ಅವರ ಶೆಡ್ಡಿಗೆ ಇಳಿಸಬೇಕಾಯಿತು. ಅಂದು ಶನಿವಾರ, ಸ್ಕೂಲು ಅರ್ಧ ದಿನ. ನಾನು ನೇರ ಅಲ್ಲಿಗೇ ಹೋಗಿದ್ದೆ.

"ಮೊದಲು ಅಡಿ ಬೋಲ್ಟ್ ನೋಡಿ," ಎಂದೆ.

ಅವರು ಅಂಗಾತ ಮಲಗಿ ಸ್ಪ್ಯಾನರ್ ಹಾಕಿದರು. ಬೋಲ್ಟ್ ಕದಲಲಿಲ್ಲ. ಸುತ್ತಿಗೆಯಿಂದ ತಟ್ಟಿದರು, ಆಗಲೂ ಇಲ್ಲ. ಕೊನೆಗೆ ಸ್ಪ್ಯಾನರಿನ ಹಿಡಿಗೆ ಮಾರುದ್ದದ ಕಬ್ಬಿಣದ ಪೈಪು ಸಿಕ್ಕಿಸಿ, ಕಾಲು ಊರಿ ಎಳೆದಾಗ ಅದು ಕಿರ್ರೆಂದು ಬಿಟ್ಟುಕೊಂಡಿತು.

"ಯಾರು ಮಾರಾಯ್ರೇ ಇದನ್ನ ಟೈಟ್ ಮಾಡಿದ್ದು? ಜನ್ಮದಲ್ಲಿ ಬಿಚ್ಚಬಾರ್ದು ಅಂತ ಶಪಥ ಮಾಡಿದ್ರಾ?"

"ನಾನು," ಎಂದೆ.

ಆಯಿಲ್ ಹೊರಗೆ ಬಂತು. ಜೋನಿ ಬೆಲ್ಲದಷ್ಟು ಮಂದವಾಗಿ, ನಿಧಾನವಾಗಿ, ಆದರೆ ಎಷ್ಟು ಹಾಕಿದ್ದೆನೋ ಅಷ್ಟೂ ಬಂತು. ನಾನು ಶೆಡ್ಡಿನ ಹಿಂದಕ್ಕೆ ಹೋಗಿ, ಗೋಡೆಗೆ ಮುಖ ಮಾಡಿ ಅತ್ತೆ. ಐವತ್ತು ದಾಟಿದ ಮೇಷ್ಟ್ರು ಟಯರು ರಾಶಿಯ ಪಕ್ಕದಲ್ಲಿ ನಿಂತು ಬಿಕ್ಕುವುದು ನೋಡಲು ಚೆನ್ನಾಗಿರಲಿಕ್ಕಿಲ್ಲ, ಆದರೆ ಅಷ್ಟು ಹಗುರ ನನಗೆ ಯಾವತ್ತೂ ಆಗಿರಲಿಲ್ಲ. ಬೋಲ್ಟ್ ಬಿಗಿಯಾಗಿತ್ತು. ನಾನು ಬಿಗಿ ಮಾಡಿದ್ದೆ. ನನ್ನ ಕೈ ತಪ್ಪು ಮಾಡಿರಲಿಲ್ಲ.

ಮುಖ ತೊಳೆದು ವಾಪಸು ಬಂದಾಗ ಮೆಕ್ಯಾನಿಕ್ ಎಂಜಿನ್ನಿನ ಬಲಗಡೆಯ ಕವರ್ ತೆಗೆದು ಟಾರ್ಚ್ ಹಿಡಿದು ಕೂತಿದ್ದರು.

"ಇಲ್ಲಿ ಬನ್ನಿ ಸಾರ್."

ಒಳಗೆ ಒಂದು ಚಿಕ್ಕ ಗೇರು, ಅದಕ್ಕೆ ಕೂಡಿಕೊಂಡಂತೆ ಕ್ಲಚ್ಚಿನ ದೊಡ್ಡ ಗೇರು. ಎರಡರ ಹಲ್ಲುಗಳೂ ಸೇರುವ ಜಾಗದಲ್ಲಿ ಏನೋ ಸಿಕ್ಕಿಕೊಂಡಿತ್ತು. ಕಪ್ಪಗಿತ್ತು. ಪೆನ್ಸಿಲಿನಷ್ಟು ದಪ್ಪ, ಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ಒಂದು ತುದಿ ಚಪ್ಪಟೆಯಾಗಿ ಹಲ್ಲುಗಳ ಮಧ್ಯೆ ಸೇರಿಹೋಗಿತ್ತು.

"ಏನಿದು? ಯಾವ ಪಾರ್ಟು?"

"ಮೂವತ್ತು ವರ್ಷದಿಂದ ಈ ಗಾಡಿ ಎಂಜಿನ್ ಬಿಚ್ತಾ ಇದೀನಿ. ಇಂಥದ್ದು ನೋಡಿಲ್ಲ ಸಾರ್."

ಅವರು ಸ್ಕ್ರೂಡ್ರೈವರ್ ಹಾಕಿ ಮೆಲ್ಲಗೆ ಮೀಟಿದರು. ಅದು ಟಕ್ಕೆಂದು ಹೊರಗೆ ಬಿತ್ತು. ಅದೇ ಹೊತ್ತಿಗೆ, ಸ್ಟ್ಯಾಂಡಿನ ಮೇಲೆ ನೆಲ ಮುಟ್ಟದೆ ನಿಂತಿದ್ದ ಹಿಂದಿನ ಚಕ್ರ, ಯಾರೂ ಮುಟ್ಟದೆಯೇ, ಮುಂದಕ್ಕೆ ಒಂದಿಷ್ಟು ತಿರುಗಿ ನಿಂತಿತು. ಹತ್ತೊಂಬತ್ತು ವರ್ಷದ ಹಿಂದೆ ಅರ್ಧಕ್ಕೆ ನಿಂತ ಸುತ್ತನ್ನು ಈಗ ಮುಗಿಸಿದ ಹಾಗಿತ್ತು.

"ಚೈನ್ ಟೆನ್ಷನ್ ಸಾರ್," ಎಂದರು ಮೆಕ್ಯಾನಿಕ್. ಹಾಗೆಂದವರು ಎದ್ದು ಎರಡು ಹೆಜ್ಜೆ ಹಿಂದೆ ಹೋಗಿ ನಿಂತರು. ಸ್ವಲ್ಪ ಹೊತ್ತು ಆ ಚಕ್ರವನ್ನು ಮುಟ್ಟಲಿಲ್ಲ. ನಾನು ವಿಜ್ಞಾನದ ಮೇಷ್ಟ್ರು, ಬಿಗಿದುಕೊಂಡಿದ್ದ ಚೈನು ಸಡಿಲವಾದರೆ ಚಕ್ರ ತಿರುಗುತ್ತದೆ ಎಂಬುದು ನನಗೂ ಗೊತ್ತು. ಆದರೂ ತೋಳಿನ ಕೂದಲು ನಿಮಿರಿದ್ದವು.

ಅವರು ಎಣ್ಣೆ ಹತ್ತಿದ ಹಳೆಯ ಪುಸ್ತಕವೊಂದನ್ನು ತಂದರು. ಆ ಬೈಕಿನ ಪ್ರತಿ ಪಾರ್ಟಿನ ಚಿತ್ರವೂ ಅದರಲ್ಲಿತ್ತು. ಹಾಳೆ ತಿರುಗಿಸುತ್ತಾ, ಒಳಗೆ ನೋಡುತ್ತಾ, ಒಂದೊಂದನ್ನೇ ಬೆರಳಿಟ್ಟು ಸರಿ ನೋಡಿದರು. ಪಕ್ಕದ ಸ್ಪೇರ್ಸ್ ಅಂಗಡಿಯವರನ್ನೂ ಕರೆದರು. ಅವರು ಅದನ್ನು ಚಿಂದಿ ಬಟ್ಟೆಯಲ್ಲಿ ಹಿಡಿದು, ತಿರುಗಿಸಿ ನೋಡಿ, ತಲೆಯಾಡಿಸಿ ಹೋದರು.

"ಇರಬೇಕಾದ್ದೆಲ್ಲ ಅದರದರ ಜಾಗದಲ್ಲೇ ಇದೆ ಸಾರ್," ಎಂದರು ಮೆಕ್ಯಾನಿಕ್. "ಒಂದೂ ಕಮ್ಮಿ ಇಲ್ಲ. ಇದು ಒಂದು ಜಾಸ್ತಿ."

"ಅಂದ್ರೆ?"

"ಹೊರಗಿಂದ ಬಂದಿದೆ. ಆಯಿಲ್ ಹಾಕೋ ತೂತು ಬಿಟ್ರೆ ಬೇರೆ ದಾರಿ ಇಲ್ಲ." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. "ಲಾಸ್ಟ್ ಆಯಿಲ್ ಹಾಕಿದ್ದು ನೀವೇ ಅಂದ್ರಲ್ಲ?"

ಗೋಡೆಯ ಹಿಂದೆ ಅತ್ತು ಇಳಿಸಿದ ಭಾರ ಮತ್ತೆ ಹೆಗಲ ಮೇಲೆ ಬಂದು ಕೂತಿತು. ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಭಾನುವಾರವೂ ಜೇಬಿನಲ್ಲಿ ಲೋಹದ ಪೆನ್ನು ಸಿಕ್ಕಿಸಿಕೊಂಡು ತಿರುಗುವ ಜಂಬವಿತ್ತು. ಆಯಿಲ್ ಸುರಿಯಲು ಬಗ್ಗಿದ್ದೆ. ಆ ಪೆನ್ನಿನ ಕ್ಯಾಪು? ಆ ಪೆನ್ನು ಆಮೇಲೆ ಏನಾಯಿತು? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ.

"ಇದು ಪೆನ್ ಕ್ಯಾಪ್ ಇರಬಹುದಾ?"

"ಹೆಂಗ್ ಹೇಳ್ಲಿ ಸಾರ್? ಜಜ್ಜಿ ಹೋಗಿದೆ. ಭದ್ರಾವತಿ ಓಲ್ಡ್ ಟೌನಲ್ಲಿ ಒಬ್ರು ಹಳೇ ಟರ್ನರ್ ಇದಾರೆ, ಫ್ಯಾಕ್ಟರೀಲಿ ಲೇತ್ ಕೆಲಸ ಮಾಡ್ತಿದ್ದೋರು. ಒಂದು ಚೂರು ಲೋಹ ಕೊಟ್ರೆ ಅದರ ಜಾತಕ ಹೇಳ್ತಾರೆ. ಅಲ್ಲಿಗೆ ಹೋಗಿ."

ಅದನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದೆ. ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ಬಿಚ್ಚಿದ್ರಾ?" ಎಂದು ಕೇಳಿದಳು. ಇನ್ನೂ ಇಲ್ಲ ಎಂದೆ. ಅಮ್ಮ ನನ್ನ ಮುಖ ನೋಡಲಿಲ್ಲ. ಜೇಬನ್ನೇ ನೋಡುತ್ತಾ ನಿಂತಿದ್ದು, ಆಮೇಲೆ ಒಳಗೆ ಹೋದಳು.

ಮರುದಿನ ಭಾನುವಾರ. ಮಗಳಿಗೂ ಭದ್ರಾವತಿಯಲ್ಲಿ ಗೆಳತಿಯ ಮನೆಗೆ ಹೋಗುವುದಿತ್ತು. "ಬಾ ಅಪ್ಪ, ಹಿಂದೆ ಕೂತ್ಕೋ, ಬಿಡ್ತೀನಿ," ಎಂದಳು. ಬೇಡವೆಂದು ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತು ಜೇಬಿನ ಮೇಲೆ ಕೈ ಇಟ್ಟುಕೊಂಡಿದ್ದೆ. ಬಸ್ಸು ಕುಲುಕಿದಾಗಲೆಲ್ಲ ಪೊಟ್ಟಣದೊಳಗೆ ಅದು ಟಿಕ್ ಟಿಕ್ ಎನ್ನುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸು ಎರಡು ಸಲ ನನ್ನ ಎದೆಯ ಕಡೆ ತಿರುಗಿ ನೋಡಿದಳು.

ಅಣ್ಣ ಬಿದ್ದ ಜಾಗ ಈಗ ಗುರುತು ಸಿಗುವುದಿಲ್ಲ. ರಸ್ತೆ ಅಗಲವಾಗಿದೆ, ಬದಿಯ ಮರಗಳು ಹೋಗಿವೆ. ಆದರೂ ಅದು ಬಂದಾಗ ನನಗೆ ಹೇಗೋ ಗೊತ್ತಾಗುತ್ತದೆ. ಅಂದು ಸರಿಯಾಗಿ ಆ ಜಾಗದಲ್ಲೇ ಒಂದು ಸ್ಕೂಟರು ಬಸ್ಸಿನ ಪಕ್ಕಕ್ಕೆ ಬಂದು, ಹಾರ್ನ್ ಹೊಡೆದು, ಮುಂದೆ ಹೋಯಿತು. ಮಗಳು. ನನ್ನನ್ನು ಕಿಟಕಿಯಲ್ಲಿ ಕಂಡು ಒಂದು ಕೈ ಬಿಟ್ಟು ಬೀಸಿದಳು. ಎರಡೂ ಕೈ ಹಿಡಿ ಎಂದು ಬಸ್ಸಿನೊಳಗಿನಿಂದಲೇ ಕೂಗಿದೆ. ಬಸ್ಸಿನವರೆಲ್ಲ ನನ್ನ ಕಡೆ ನೋಡಿದರು.

ಓಲ್ಡ್ ಟೌನಿನ ಸಣ್ಣ ಗಲ್ಲಿಯಲ್ಲಿ ಆ ಟರ್ನರ್ ಮನೆ. ಮುಂದಿನ ಕೋಣೆಯ ತುಂಬ ಒಂದು ಲೇತ್ ಮೆಷಿನ್ನು. ಎಪ್ಪತ್ತೈದರ ಆಸುಪಾಸಿನ, ತಮಿಳು ಮನೆಮಾತಿನ ಮನುಷ್ಯ. ನಾನು ಕಥೆಯನ್ನೆಲ್ಲ ಹೇಳಲಿಲ್ಲ. ಬೈಕಿನ ಎಂಜಿನ್ನಿನಲ್ಲಿ ಸಿಕ್ಕಿತು, ಯಾವ ಪಾರ್ಟು ಎಂದು ತಿಳಿಯಬೇಕು ಎಂದೆ. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ತೂಗಿದರು. ಸೀಮೆಎಣ್ಣೆಯಲ್ಲಿ ತೊಳೆದರು. ಅರದಿಂದ ಒಂದು ಅಂಚನ್ನು ಎರಡೇ ಸಲ ಉಜ್ಜಿದರು. ಕಪ್ಪಿನ ಕೆಳಗೆ ಕೆಂಪು ಕಂಡಿತು.

"ತಾಮ್ರ."

"ಪೆನ್ನಿನ ಕ್ಯಾಪ್ ಅಲ್ವಾ?"

"ಪೆನ್ನಾ? ಸೇ, ಇಲ್ಲಪ್ಪ. ಇದು ಮೆಷಿನ್ನಲ್ಲಿ ಆಗಿದ್ದೇ ಅಲ್ಲ. ಶೀಟು ಸುತ್ತಿ, ಎರಡು ಕಡೇನೂ ಬೆಸುಗೆ ಹಾಕಿದಾರೆ. ಇಲ್ಲಿ ನೋಡಿ, ಕೊಕ್ಕೆ ಇತ್ತು, ಮುರಿದಿದೆ. ದಾರ ಕಟ್ಟಕ್ಕೆ."

ನನ್ನದಲ್ಲ ಎಂಬ ಸಮಾಧಾನಕ್ಕೆ ನನಗೆ ಬೇರೇನೂ ಹೊಳೆಯಲಿಲ್ಲ. ಎಂಜಿನ್ನಿನಲ್ಲಿ ದಾರ ಯಾಕೆ ಕಟ್ಟುತ್ತಾರೆ ಎಂದು ಪೆದ್ದನ ಹಾಗೆ ಕೇಳಿದೆ. ಅವರು ನನ್ನನ್ನು ಒಂದು ಕ್ಷಣ ದಿಟ್ಟಿಸಿದರು.

"ಸಾರ್ ನೀವು ಐನೋರಾ?"

"ಹೌದು."

"ಹಂಗಾದ್ರೆ ಒಳಗೆ ಇರೋದು ನೀವೇ ತೆಗೀರಿ. ನಾನು ತೆಗೆಯಲ್ಲ." ಕಾಲಿನ ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿಸಿದರು.

ಬ್ಲೇಡಿನಿಂದ ಬೆಸುಗೆಯನ್ನು ಬಿಡಿಸಿದೆ. ಒಳಗೆ ಸುರುಳಿ ಸುತ್ತಿದ ತಾಮ್ರದ ತೆಳು ತಗಡು. ಹೊರಗಿನದು ಅಷ್ಟು ಕಪ್ಪಾಗಿದ್ದರೂ ಇದು ನಿನ್ನೆ ಸುತ್ತಿಟ್ಟಷ್ಟು ಹೊಸದಾಗಿತ್ತು. ಬಿಡಿಸಿದರೆ ಚೌಕದ ಮನೆಗಳು, ಮನೆಗೊಂದು ಅಕ್ಷರ, ಸೂಜಿಯಿಂದ ಗೀರಿ ಬರೆದದ್ದು. ಎಡಕ್ಕೆ ವಾಲಿದ ಆ ಬರಹವನ್ನು ಬಾಲ್ಯದಿಂದ ನನ್ನ ಸ್ಲೇಟಿನ ಮೇಲೆ ನೋಡಿದ್ದೆ. ಕೊನೆಯ ಸಾಲಿನಲ್ಲಿ ಅಣ್ಣನ ಹೆಸರು, ಅವನ ನಕ್ಷತ್ರ.

ಅಪ್ಪ ಬರೆದ ತಾಯತ. ಅಣ್ಣ ಬೈಕು ಕೊಂಡ ವರ್ಷ ಅಪ್ಪ ನಲವತ್ತೆಂಟು ದಿನ ಜಪ ಮಾಡಿ ಎರಡು ತಾಯತ ಮಾಡಿದ್ದರು, ಅಣ್ಣನಿಗೊಂದು, ನನಗೊಂದು. ನಾನು ಬೇಡವೆಂದು ಜಗಳವಾಡಿದೆ. ಅಣ್ಣ ಅಪ್ಪನ ಮುಖ ನೋಡಿ ತನ್ನದನ್ನು ಬೈಕಿನ ಹ್ಯಾಂಡಲಿಗೆ ಕಟ್ಟಿಕೊಂಡ. ಆಫೀಸಿನಲ್ಲಿ ನಕ್ಕರೆಂದು ಕೆಲವು ತಿಂಗಳಿಗೆ ಬಿಚ್ಚಿ ದೇವರ ಗೂಡಿನಲ್ಲಿಟ್ಟ. ಅದು ನನ್ನ ಕಣ್ಣೆದುರಿಗೇ ಆದದ್ದು. ದೇವರ ಗೂಡಿನಿಂದ ಅದು ಎಂಜಿನ್ನಿನೊಳಗೆ ಹೇಗೆ ಹೋಯಿತು?

ಟರ್ನರ್ ಆ ಜಜ್ಜಿದ ಕೊಳವೆಯನ್ನು ಬೆಳಕಿಗೆ ಹಿಡಿದಿದ್ದರು.

"ಗೇರ್ ಹಲ್ಲು ನೋಡಿ ಸಾರ್. ಒಂದೇ ಕಚ್ಚು. ಓಡಾಡ್ತಾ ಇದ್ದಿದ್ರೆ ಹತ್ತು ಸಲ ಕಚ್ಚಿರೋದು, ಪುಡಿ ಆಗಿರೋದು. ಇದು ಕೆಳಗೆ ಆಯಿಲಲ್ಲಿ ಸುಮ್ನೆ ಮಲಗ್ಕೊಂಡಿತ್ತು. ಒಂದ್ಸಲ ಮೇಲೆ ಬಂತು, ಕಚ್ತು, ಎಲ್ಲ ನಿಂತೋಯ್ತು." ಆಮೇಲೆ ಸಹಜವಾಗಿ ಕೇಳಿದರು. "ಗಾಡಿ ಓಡಿಸ್ತಿದ್ದೋರು ಚೆನ್ನಾಗಿದಾರಾ?"

ನಾನು ತಗಡನ್ನು ಮತ್ತೆ ಸುರುಳಿ ಸುತ್ತಿದೆ. ಅವರು ಒಂದು ಬಿಳಿಯ ಬಟ್ಟೆಯ ತುಂಡಿನಲ್ಲಿ ಎಲ್ಲವನ್ನೂ ಕಟ್ಟಿ ನನ್ನ ಕೈಗೆ ಕೊಟ್ಟರು.

ಮನೆ ತಲುಪಿದಾಗ ಮಧ್ಯಾಹ್ನ ನಾಲ್ಕು ಗಂಟೆ. ಅಮ್ಮ ಜಗಲಿಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದಳು. ನಾನು ಗೇಟು ಹಾಕುತ್ತಿದ್ದ ಹಾಗೆ, ತಲೆ ಎತ್ತದೆ ಕೇಳಿದಳು.

"ಸಿಕ್ತಾ?"

ಗೇಟಿನ ಚಿಲಕ ಹಾಕಿ ತಿರುಗಿದೆ. "ಏನಮ್ಮ?"

"ಒಳಗೆ ತಾಯತ ಸಿಕ್ತಾ ಅಂತ."

ಮೆಟ್ಟಿಲ ಮೇಲೆ ಕೂತೆ. ಅಮ್ಮ ಹತ್ತಿಯನ್ನು ಎಳೆದು, ಬೆರಳಿಗೆ ಹಾಲು ಮುಟ್ಟಿಸಿ, ಹೊಸೆಯುತ್ತಾ ಹೇಳಿದಳು.

"ಅವನು ಹ್ಯಾಂಡಲಿಂದ ಬಿಚ್ಚಿಟ್ಟನಲ್ಲ, ನಂಗೆ ನಿದ್ದೆ ಬರ್ತಿರಲಿಲ್ಲ. ಯಾರೂ ಬಿಚ್ಚದೇ ಇರೋ ಕಡೆ ಇಡಬೇಕು ಅಂತ. ನೀನು ಮೇಲಿನ ಮುಚ್ಚಳ ತೆಗೆದು ಆಯಿಲ್ ಹಾಕೋದು ನೋಡಿದ್ದೆ. ಒಂದು ಶುಕ್ರವಾರ ಪೂಜೆ ಮಾಡಿ ಆ ತೂತಿಗೆ ಹಾಕಿದೆ. ಯಾರಿಗೂ ಹೇಳಲಿಲ್ಲ, ಹೇಳಿದ್ರೆ ನೀನು ನಗ್ತಿದ್ದೆ. ಭಾನುವಾರ ನೀನು ಕೂತ್ಕೊಂಡು ಆಯಿಲ್ ಎಲ್ಲ ಬಸಿದು ಚೆಲ್ಲಿಬಿಟ್ಟೆ. ಹೀಗೆ ಅಡಿಯಿಂದ ತೆಗೀತಾರೆ ಅಂತ ನಂಗೇನು ಗೊತ್ತು? ಅದರ ಜೊತೆ ಅದೂ ಹೋಯ್ತು ಅಂತ ಎದೆ ಧಸಕ್ಕಂತು. ಅವತ್ತೇ ಹುಡುಕಬೇಕಿತ್ತು. ಮನೆ ತುಂಬ ನೆಂಟರು. ಸೋಮವಾರ ಅವನು ಬರಿಗೈಯಲ್ಲಿ ಹೋದ."

ಹಾಗಾದರೆ ಸವಟಿನಿಂದ ಅಮ್ಮ ಕೆದಕಿದ್ದು ಇದಕ್ಕೆ. ನಾನು ಬೋಲ್ಟ್ ಬಿಗಿ ಮಾಡಲಿಲ್ಲವೆಂದಲ್ಲ. ಅವಳ ಮಗನ ಕಾವಲನ್ನು ನಾನು ಹಳೆಯ ಆಯಿಲಿನ ಜೊತೆ ನುಗ್ಗೆಮರದ ಬುಡಕ್ಕೆ ಚೆಲ್ಲಿದೆ ಎಂದು ನಂಬಿ, ಹತ್ತೊಂಬತ್ತು ವರ್ಷ ನನಗೆ ದಿನಾ ಬಡಿಸಿದ್ದಳು. ಜ್ವರ ಬಂದರೆ ಹಣೆಗೆ ಬಟ್ಟೆ ಹಾಕಿದ್ದಳು. ಒಂದು ಸಲವೂ ಬಾಯಿಬಿಟ್ಟಿರಲಿಲ್ಲ.

"ಅದು ಒಳಗೇ ಉಳಿದಿರಬಹುದು ಅಂತ ಒಂದೊಂದ್ಸಲ ಅನ್ನಿಸ್ತಿತ್ತು," ಎಂದಳು. "ಅದಕ್ಕೇ ಗಾಡಿ ಕೊಡಕ್ಕೆ ಬಿಡಲಿಲ್ಲ. ಆದ್ರೆ ಒಳಗಿದ್ದಿದ್ರೆ ಅವನಿಗೆ ಹಾಗೆ ಆಗ್ತಿರಲಿಲ್ಲ, ಅಲ್ವಾ?"

ಬಿಳಿಯ ಬಟ್ಟೆಯ ಗಂಟು ನನ್ನ ಜೇಬಿನಲ್ಲಿತ್ತು. ಅದನ್ನು ತೆಗೆದು ಅವಳ ಮಡಿಲಲ್ಲಿಟ್ಟರೆ ನಾನು ಪೂರ್ತಿ ಬಿಡುಗಡೆ. ಬೋಲ್ಟಿನಿಂದ, ಪೆನ್ನಿನಿಂದ, ನುಗ್ಗೆಮರದಿಂದ. ಆಗ ಎಂಬತ್ತರ ಈ ಹೆಂಗಸು ಅದನ್ನು ನೋಡುತ್ತಾಳೆ. ಗೇರಿನ ಹಲ್ಲು ಕಚ್ಚಿದ ಗುರುತನ್ನು ನೋಡುತ್ತಾಳೆ. ಅವಳು ದಡ್ಡಿಯಲ್ಲ.

"ಇಲ್ಲಮ್ಮ," ಎಂದೆ. "ಒಳಗೆ ಏನೂ ಇರ್ಲಿಲ್ಲ. ಆಯಿಲ್ ಜೊತೆ ಹೋಗಿರಬೇಕು. ನಾನೇ ಚೆಲ್ಲಿದೆ."

ಅಮ್ಮನ ಬೆರಳು ನಿಂತವು. ನಿಧಾನವಾಗಿ ಕೈ ಚಾಚಿ ನನ್ನ ತಲೆಯ ಮೇಲಿಟ್ಟಳು. ಹತ್ತಿಯ ಎಳೆಗಳು ಕೂದಲಿಗೆ ಅಂಟಿಕೊಂಡವು.

"ನಿಂಗೆ ಗೊತ್ತಿರಲಿಲ್ಲ ಮಗು. ನಾನು ಯಾವತ್ತೋ ಮರೆತಿದೀನಿ."

ನಾನು ಮಾಡದ ತಪ್ಪಿಗೆ ಸಿಕ್ಕ ಆ ಕ್ಷಮೆ ನನಗೆ ಎಷ್ಟು ಬೇಕಾಗಿತ್ತು ಎಂಬುದು ಆಗಲೇ ಗೊತ್ತಾದದ್ದು. ಕಣ್ಣು ತುಂಬಿ ಬಂತು. ಅಮ್ಮ ಮತ್ತೆ ಹತ್ತಿ ಎತ್ತಿಕೊಂಡಳು.

"ಅದಕ್ಕೇ ಈ ಸಲ ಪುಟ್ಟಿ ಗಾಡಿಗೆ ಹಾಕುವಾಗ ಅವಳಿಗೂ ಹೇಳಲಿಲ್ಲ."

"ಏನು ಹಾಕಿದೆ?"

"ನಿನ್ನ ಪಾಲಿಂದು. ನೀನು ಗಾಡೀನೇ ತಗೊಳ್ಳಲಿಲ್ಲ. ಅಪ್ಪ ಅಷ್ಟು ದಿನ ಜಪ ಮಾಡಿ ಬರೆದಿದ್ದು, ಕುಂಕುಮದ ಡಬ್ಬೀಲಿ ಸುಮ್ನೆ ಬಿದ್ದಿತ್ತು. ಆಯಿಲ್ ಎಲ್ಲಿ ಹಾಕೋದು ಅಂತ ಅವಳ ಹತ್ರಾನೇ ಕೇಳ್ಕೊಂಡೆ. ಮೊನ್ನೆ ಶುಕ್ರವಾರ ಹಾಕಿದೆ."

ಶುಕ್ರವಾರ ಹಾಕಿದ್ದು, ಇಂದು ಭಾನುವಾರ. ಬಸ್ಸಿನ ಕಿಟಕಿಯ ಪಕ್ಕದಲ್ಲಿ ಕೈ ಬೀಸಿ ಮುಂದೆ ಹೋದ ಸ್ಕೂಟರು ಕಣ್ಣಿಗೆ ಬಂತು. ಫೋನ್ ತೆಗೆದು ಮಗಳಿಗೆ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಗಾಡಿ ಓಡಿಸುವಾಗ ಫೋನ್ ಮುಟ್ಟಬೇಡ ಎಂದು ಅವಳಿಗೆ ದಿನಾ ಹೇಳುತ್ತಿದ್ದವನು ನಾನೇ. ಗೇಟಿನ ಹೊರಗೆ ಹೋಗಿ ರಸ್ತೆಯಲ್ಲಿ ನಿಂತೆ. ದೂರದಲ್ಲಿ ಸ್ಕೂಟರಿನ ಸದ್ದು ಕೇಳಿದಾಗಲೆಲ್ಲ ರಸ್ತೆಯ ಮಧ್ಯಕ್ಕೆ ಹೋಗಿ ನೋಡುತ್ತಿದ್ದೆ, ಯಾರದೋ ಮುಖ ದಾಟಿ ಹೋಗುತ್ತಿತ್ತು. ಈ ಅಮ್ಮನ ಮೇಲೆ ಜನ್ಮದಲ್ಲಿ ಬರದಷ್ಟು ಸಿಟ್ಟು ಬಂತು. ಅಪ್ಪನ ಮೇಲೆ ಬಂತು. ಒಂದೇ ನಿಮಿಷದ ಹಿಂದೆ ಸುಳ್ಳು ಹೇಳಿ ದೊಡ್ಡವನಾದ ನನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು. ಆ ತಾಯತ ಕಾಯುತ್ತದೆ ಎಂಬ ನಂಬಿಕೆಗೆ ನಾನೇ ಈಗಷ್ಟೇ ಮುದ್ರೆ ಒತ್ತಿದ್ದೆ.

ಮುಕ್ಕಾಲು ಗಂಟೆ ಕಳೆದ ಮೇಲೆ ಮಗಳು ಸರ್ಕಲ್ ಕಡೆಯಿಂದ ಬಂದಳು. ನಾನು ಅಡ್ಡ ನಿಂತು ಕೀಲಿ ತಿರುಗಿಸಿ ಕಿತ್ತುಕೊಂಡೆ.

"ಏನಪ್ಪ ಇದು, ಇಷ್ಟೊಂದು ಮಿಸ್ಡ್ ಕಾಲು! ಏನಾಯ್ತು?"

"ಏನಿಲ್ಲ. ಆಯಿಲ್ ಬದಲಾಯಿಸ್ಬೇಕು."

"ಈಗ್ಲಾ? ಹ್ಞಾ, ಬದಲಾಯ್ಸು. ಇವತ್ತು ಬರುವಾಗ ಒಳಗಿಂದ ಏನೋ ಟಿಕ್ ಟಿಕ್ ಅಂತಿತ್ತು. ಆಮೇಲೆ ನಿಂತೋಯ್ತು," ಎಂದು ಹೆಲ್ಮೆಟ್ ತೆಗೆಯುತ್ತಾ ಒಳಗೆ ಹೋದಳು.

ಸ್ಕೂಟರನ್ನು ಅಂಗಳಕ್ಕೆ ತಳ್ಳಿದೆ. ಹತ್ತೊಂಬತ್ತು ವರ್ಷದಿಂದ ಮುಟ್ಟದ ಸ್ಪ್ಯಾನರ್ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದೆ. ಖಾಲಿ ಪೇಂಟ್ ಡಬ್ಬಿಯೊಂದನ್ನು ಹುಡುಕಿ ತಂದು ಎಂಜಿನ್ನಿನ ಅಡಿಗಿಟ್ಟೆ. ಆಯಿಲ್ ಇಳಿಸಿ, ಆಮೇಲೆ ಪಕ್ಕದ ಕವರನ್ನೂ ಬಿಚ್ಚಬೇಕಿತ್ತು. ಬೋಲ್ಟಿಗೆ ಸ್ಪ್ಯಾನರ್ ಕೂರಿಸುವಾಗ ಹಿಂದೆ ಹೆಜ್ಜೆಯ ಸಪ್ಪಳ ಕೇಳಿತು. ಅಮ್ಮ ಜಗಲಿಯಿಂದ ಇಳಿದು ಬಂದು ನನ್ನ ಪಕ್ಕದಲ್ಲಿ, ಗೋಡೆ ಹಿಡಿದು, ನಿಧಾನವಾಗಿ ಕುಕ್ಕುರುಗಾಲಿನಲ್ಲಿ ಕೂತಳು. ಅವಳ ಕೈಯಲ್ಲಿ ಸವಟು ಇತ್ತು.

"ತೆಗಿ," ಎಂದಳು. "ಆದ್ರೆ ಈ ಸಲ ಚೆಲ್ಲಬೇಡ ಮಗು. ಡಬ್ಬಿ ನನ್ನ ಕೈಗೆ ಕೊಡು."